ಎರಡನೇ ಮಹಡಿಯ ಕಡಲು

ಗುರುಗ್ರಾಮದಿಂದ ಓದುಗರೊಬ್ಬರು ಬರೆದಿದ್ದಾರೆ: "ಮಗಳಿಗೆ ಎಂಟು ವರ್ಷ. ನೀಮೋ ಸಿನಿಮಾ ನೋಡಿದಾಗಿನಿಂದ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಆ ಮೀನೇ ಬೇಕು ಅಂತ ಒಂದೇ ಹಟ. ನಿಮ್ಮ ಮನೆಯಲ್ಲಿ ಇದೆ ಎಂದು ರಾಜ್ಯೋತ್ಸವದ ಊಟದ ಸಾಲಿನಲ್ಲಿ ಯಾರೋ ಹೇಳಿದರು. ಒಂದು ಗಾಜಿನ ಬೌಲ್ ತಂದರೆ ಸಾಕೇ? ಹವಳವೂ ಇಟ್ಟುಕೊಳ್ಳಬಹುದಂತೆ, ಹೌದೇ?"

ಎರಡು ಸಾಲಿನಲ್ಲಿ ಉತ್ತರ ಮುಗಿಸಬಹುದಿತ್ತು. ಬೌಲ್ ಸಾಲದು. ಹವಳ ಇಟ್ಟುಕೊಳ್ಳಬಹುದು, ಆದರೆ ಎಲ್ಲ ಹವಳವನ್ನೂ ಅಲ್ಲ. ಆದರೆ ಏಳು ವರ್ಷದಿಂದ ನೋಯ್ಡಾದ ಬಾಡಿಗೆ ಮನೆಯ ಎರಡನೇ ಮಹಡಿಯಲ್ಲಿ ಉಪ್ಪುನೀರು ಕಲಕುತ್ತ ಕೂತವನಿಗೆ ಎರಡು ಸಾಲಿನಲ್ಲಿ ಮಾತು ಮುಗಿಯುವುದಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ನೀಮೋಗೆ.

ಮೊದಲು ನನ್ನಮ್ಮನ ಮಾತು ಹೇಳಿಬಿಡುತ್ತೇನೆ. ಕುಂದಾಪುರದವಳು. ಮನೆಯಿಂದ ಕಡಲಿಗೆ ಹತ್ತು ನಿಮಿಷದ ದಾರಿ. ಮೊದಲ ಸಲ ನಮ್ಮಲ್ಲಿಗೆ ಬಂದಾಗ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಹೆಚ್ಚುಕಡಿಮೆ ಅರ್ಧ ಗಂಟೆ ಸುಮ್ಮನೆ ನೋಡಿದಳು. ನಾನು ಮೆಚ್ಚಿಕೊಂಡಳೆಂದೇ ತಿಳಿದೆ. ಆಮೇಲೆ ಕೇಳಿದಳು: "ಎಂತ ಮಗಾ, ಇದ್ ತಿಂಬುಕೂ ಆತಿಲ್ಲೆ, ಮಾರುಕೂ ಆತಿಲ್ಲೆ. ಮತ್ತೆ ಸಾಕುದ್ ಎಂತಕೆ?" ಕಡಲ ತೀರದಲ್ಲಿ ಹುಟ್ಟಿದವರಿಗೆ ಉಪ್ಪುನೀರನ್ನು ಗಾಜಿನೊಳಗೆ ಇಡುವ ಹುಚ್ಚು ಹಿಡಿಯುವುದಿಲ್ಲ. ಅದು ಹಿಡಿಯುವುದು ಕಡಲು ಬಿಟ್ಟು ಸಾವಿರಾರು ಕಿಲೋಮೀಟರ್ ಬಂದವರಿಗೆ.

ತೊಟ್ಟಿ ದೊಡ್ಡದೇನಲ್ಲ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಕೆಳಗಿನ ಸಂಪ್ ಸೇರಿ ಸುಮಾರು 200 ಲೀಟರ್ ನೀರು. ಒಂದು ಜೊತೆ ಕ್ಲೌನ್ ಮೀನು, ಒಂದು ಅನಿಮೋನ್, ಅಣಬೆಯ ಆಕಾರದ ಒಂದು ಲೆದರ್ ಹವಳ, ಗುಂಡಿಗಳನ್ನು ಒತ್ತೊತ್ತಾಗಿ ಹೊಲಿದಂತೆ ಕಾಣುವ ಝೊಯಾಂಥಿಡ್ ಗುಂಪುಗಳು, ಕೆಲವು ಶಂಖದ ಹುಳು, ಎರಡು ಸೀಗಡಿ. ಇಷ್ಟೇ ಸಂಸಾರ. ಆದರೆ ಗಾಜು, ಕಲ್ಲು, ಮರಳು, ಸ್ಟ್ಯಾಂಡು ಎಲ್ಲ ಸೇರಿದರೆ ತೂಕ 300 ಕಿಲೋ ಹತ್ತಿರ. ಮನೆ ಮಾಲೀಕರಿಗೆ ಮೊದಲೇ ಹೇಳಿ, ತೊಲೆ ಹಾದುಹೋಗುವ ಗೋಡೆಗೆ ಒತ್ತಿಸಿ ಇಡಬೇಕು. ನಮ್ಮದು ಹನ್ನೊಂದು ತಿಂಗಳ ಕರಾರಿನ ಬದುಕು. ಹವಳಕ್ಕೆ ಆ ಲೆಕ್ಕ ಗೊತ್ತಿಲ್ಲ. ಈ ಏಳು ವರ್ಷದಲ್ಲಿ ಒಮ್ಮೆ ಮನೆ ಬದಲಾಯಿಸಿದ್ದೇವೆ. ಪಾತ್ರೆ ಪಗಡಗಳಿಗೆ ಒಂದು ಟೆಂಪೊ, ಕಡಲಿಗೇ ಇನ್ನೊಂದು.

ಹವಳ ಎಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಮಾಂಗಲ್ಯದ ಪಕ್ಕ ಪೋಣಿಸುವ ಕೆಂಪು ಮಣಿ, ಇಲ್ಲವೇ ಕುಜದೋಷಕ್ಕೆ ಜ್ಯೋತಿಷಿ ಹೇಳುವ ಉಂಗುರ. ಅದು ಮೆಡಿಟರೇನಿಯನ್ ಸಮುದ್ರದ ಆಳದ, ಬೆಳಕು ಕಡಿಮೆ ಇರುವ ಜಾಗದಲ್ಲಿ ಬೆಳೆಯುವ ಬೇರೆಯೇ ಜಾತಿ. ದಿಬ್ಬ ಕಟ್ಟುವ ಹವಳ ಅದಲ್ಲ. ಆದರೆ ಎರಡೂ ಕಲ್ಲಲ್ಲ, ಗಿಡವೂ ಅಲ್ಲ, ಪ್ರಾಣಿಗಳು. ಒಂದು ಬಾಯಿ, ಅದರ ಸುತ್ತ ಬೆರಳುಗಳು, ಅಷ್ಟೇ ದೇಹ. ದಿಬ್ಬದ ಹವಳದ ಮಾಂಸದೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗಿದೆ. ಹವಳ ಅದಕ್ಕೆ ಮನೆ ಕೊಡುತ್ತದೆ. ಪಾಚಿ ಬಿಸಿಲಿನಿಂದ ಅಡುಗೆ ಮಾಡಿ ಊಟದ ಬಹುಪಾಲನ್ನು ಯಜಮಾನನಿಗೇ ಕೊಡುತ್ತದೆ. ಹವಳದ ಬಣ್ಣದಲ್ಲಿ ದೊಡ್ಡ ಪಾಲು ಈ ಬಾಡಿಗೆದಾರನದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಕಾನೂನು. ಅಂಗಡಿಯವರು ಇದನ್ನು ಹೇಳುವುದಿಲ್ಲ. 2001ರಲ್ಲಿ ಕೇಂದ್ರ ಸರ್ಕಾರ ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳನ್ನೂ, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಬೀಸಣಿಗೆ ಹವಳಗಳನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿತು. ಹುಲಿ ಇರುವುದೂ ಅದೇ ಅನುಸೂಚಿಯಲ್ಲಿ. ಸಮುದ್ರ ಕುದುರೆಗೂ ಅದೇ ರಕ್ಷಣೆ. ಮೊದಲ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ತಪ್ಪು ಸಾಬೀತಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಹೊರದೇಶದಿಂದ ತಂದದ್ದು ಎನ್ನುವ ಮಾತು ಕೂಡ ಸುಲಭಕ್ಕೆ ನಡೆಯದು. ಗಟ್ಟಿ ಹವಳಗಳೆಲ್ಲ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಅನುಮತಿ ಪತ್ರ ಬೇಕಾಗುವ ಸೈಟಿಸ್ ಪಟ್ಟಿಯಲ್ಲಿವೆ. 2022ರ ತಿದ್ದುಪಡಿಯ ನಂತರ ಆ ಪಟ್ಟಿಯ ಜೀವಿಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೂ ನೋಂದಣಿಯ ನಿಯಮ ಬಂದಿದೆ.

ನಾನೂ ಒಮ್ಮೆ ಜಾರುವುದರಲ್ಲಿದ್ದೆ. ಎರಡನೇ ವರ್ಷ, ಕೈ ಸ್ವಲ್ಪ ಪಳಗಿತು ಅನಿಸಿದ ಹೊತ್ತು. ಒಬ್ಬ ವ್ಯಾಪಾರಿ ಫೋನಿನಲ್ಲಿ ಚಿತ್ರ ಕಳಿಸಿದ. ನೇರಳೆ ತುದಿಯ, ಜಿಂಕೆ ಕೊಂಬಿನಂತೆ ಕವಲೊಡೆದ ಗಟ್ಟಿ ಹವಳದ ತುಂಡು, ಹೆಬ್ಬೆರಳಷ್ಟು. "ಸರ್, ಇಂಪೋರ್ಟೆಡ್ ಹೈ, ಕೋಯಿ ಟೆನ್ಷನ್ ನಹೀಂ." ಕಾಗದ ಇದೆಯೇ ಎಂದು ಕೇಳಿದೆ. ನಗುವ ಮುಖದ ಒಂದು ಚಿತ್ರ ಬಂತು, ಕಾಗದ ಬರಲಿಲ್ಲ. ಎರಡು ದಿನ ಆ ಚಿತ್ರವನ್ನು ತೆಗೆದು ತೆಗೆದು ನೋಡಿದ್ದು ನಿಜ. ಕೊನೆಗೆ ಬಿಟ್ಟೆ. ಜೈಲಿನ ಹೆದರಿಕೆಗಿಂತ ಹೆಚ್ಚಾಗಿ, ಅದು ಮನ್ನಾರ್ ಕೊಲ್ಲಿಯಲ್ಲೋ ಅಂಡಮಾನಿನಲ್ಲೋ ಯಾರೋ ಉಳಿಯಿಂದ ಮುರಿದದ್ದು ಇರಬಹುದು ಎಂಬ ಅನುಮಾನ ಹೋಗಲಿಲ್ಲ. ಆದ್ದರಿಂದ ನನ್ನ ತೊಟ್ಟಿಯಲ್ಲಿ ಗಟ್ಟಿ ಹವಳ ಇಲ್ಲ. ಕಲ್ಲು ಕೂಡ ಸತ್ತ ಹವಳದ್ದಲ್ಲ, ಪಿಂಗಾಣಿಯಲ್ಲಿ ಸುಟ್ಟು ಮಾಡಿದ್ದು. ಲೆದರ್, ಝೊಯಾಂಥಿಡ್, ಅನಿಮೋನ್ ಎಲ್ಲವೂ ಇಲ್ಲಿಯ ಇತರ ಹವ್ಯಾಸಿಗಳ ತೊಟ್ಟಿಯಲ್ಲಿ ಬೆಳೆದು ಕವಲೊಡೆದವು. ನಮ್ಮೂರ ಕಡೆ ದಾಸವಾಳದ ಗೆಲ್ಲು ಹಂಚಿಕೊಳ್ಳುವ ಹಾಗೆ, ಕತ್ತರಿಸಿ ಹಂಚಿಕೊಂಡದ್ದು.

ಇನ್ನು ನೀರು. ಸಮುದ್ರದ ನೀರಿನ ಒಂದು ಲೀಟರಿನಲ್ಲಿ ಹೆಚ್ಚುಕಡಿಮೆ 35 ಗ್ರಾಂ ಉಪ್ಪು. 200 ಲೀಟರಿಗೆ 7 ಕಿಲೋ. ಅಡುಗೆ ಉಪ್ಪಲ್ಲ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಾರ್ಬೊನೇಟ್ ಎಲ್ಲ ಸಮುದ್ರದ ಅಳತೆಯಲ್ಲೇ ಸೇರಿರುವ ರೀಫ್ ಸಾಲ್ಟ್. ವಾರಕ್ಕೆ ಹತ್ತನೇ ಒಂದು ಭಾಗ ನೀರು ತೆಗೆದು ಹೊಸದು ಹಾಕಬೇಕು. ಕಷ್ಟ ಇರುವುದು ಉಪ್ಪಿನಲ್ಲಲ್ಲ, ಅದನ್ನು ಕರಗಿಸುವ ಸಿಹಿನೀರಿನಲ್ಲಿ. ನಮ್ಮ ನಲ್ಲಿಗೆ ಟಿಡಿಎಸ್ ಮೀಟರ್ ಹಿಡಿದರೆ 700ರಿಂದ 900 ತೋರಿಸುತ್ತದೆ. ಕುಡಿಯುವ ಆರ್‌ಓ ದಾಟಿದ ಮೇಲೂ 60, 70. ಮನುಷ್ಯರಿಗೆ ಅದು ಸಾಕು, ಹವಳಕ್ಕೆ ಸಾಲದು. ಉಳಿದ ನೈಟ್ರೇಟು ಫಾಸ್ಫೇಟುಗಳನ್ನು ತಿಂದು ಪಾಚಿ ಹಬ್ಬುತ್ತದೆ. ಆರ್‌ಓ ಆದ ಮೇಲೆ ಡಿಐ ರೆಸಿನ್ ತುಂಬಿದ ಇನ್ನೊಂದು ಕೊಳವೆ ಹಾಕಿ ಸೊನ್ನೆಗೆ ತರಬೇಕು. ಆರ್‌ಓ ಹೊರಚೆಲ್ಲುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು ಬಳಸುತ್ತೇವೆ. ಟ್ಯಾಂಕರಿಗೆ ಸಾಲು ನಿಲ್ಲುವ ಊರಿನಲ್ಲಿ ಇಷ್ಟಾದರೂ ಮಾಡದೆ ಇದ್ದರೆ ಮುಖ ತೋರಿಸಲಾಗದು.

ಆವಿಯ ಲೆಕ್ಕ ಬಹಳ ಜನ ತಪ್ಪುತ್ತಾರೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. 200 ಲೀಟರಿನಲ್ಲಿ 20 ಆವಿಯಾದರೆ 35 ಇದ್ದ ಉಪ್ಪಿನಂಶ 39ಕ್ಕೆ ಹತ್ತಿರವಾಗುತ್ತದೆ. ಆಗ ತುಂಬಬೇಕಾದದ್ದು ಸಿಹಿನೀರು. ಉಪ್ಪುನೀರು ಸುರಿದರೆ ಸಾರಿಗೆ ಎರಡು ಸಲ ಉಪ್ಪು ಹಾಕಿದ ಹಾಗೆ. ಮೇ ತಿಂಗಳ ಲೂ ಬೀಸುವಾಗ ನಮ್ಮ ತೊಟ್ಟಿಯಿಂದ ದಿನಕ್ಕೆ ನಾಲ್ಕು ಲೀಟರ್ ಹೋಗುತ್ತದೆ.

ನೀರು ತುಂಬಿದ ಮರುದಿನವೇ ಮೀನು ಬಿಡಬಹುದೇ? ಆಗದು. ಮೀನಿನ ಮಲದಿಂದ, ಉಳಿದ ಊಟದಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಅದನ್ನು ನೈಟ್ರೈಟ್ ಮಾಡಲು ಒಂದು ಬಗೆಯ ಬ್ಯಾಕ್ಟೀರಿಯಾ, ನೈಟ್ರೇಟ್ ಮಾಡಲು ಇನ್ನೊಂದು. ಅವು ಕಲ್ಲು ಮರಳಿನ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನನ್ನ ಹೆಂಡತಿ ಇದನ್ನು ಒಂದೇ ಮಾತಿನಲ್ಲಿ ಹಿಡಿದಳು: "ಹಾಗಾದರೆ ಹೆಪ್ಪು ಹಾಕಬೇಕು ಅನ್ನಿ." ಹೌದು, ಅದೇ. ಬೇರೆಯವರ ಹಳೆಯ ತೊಟ್ಟಿಯಿಂದ ಒಂದು ಕಲ್ಲು ತಂದು ಹಾಕಿದರೆ ಬೇಗ ಹೆಪ್ಪುಗಟ್ಟುತ್ತದೆ. ಜನವರಿಯ ದೆಹಲಿಯಲ್ಲಿ ಮೊಸರು ಹೇಗೆ ಹಾಲಾಗಿಯೇ ಉಳಿಯುತ್ತದೋ ಹಾಗೆ, ತಣ್ಣಗಿನ ನೀರಿನಲ್ಲಿ ಇದೂ ನಿಧಾನ.

ಈ ಊರಿನ ಹವೆಯೇ ಒಂದು ಪರೀಕ್ಷೆ. ತೊಟ್ಟಿಗೆ ವರ್ಷವಿಡೀ 25, 26 ಡಿಗ್ರಿ ಬೇಕು. ಹೊರಗೆ ಜನವರಿಯಲ್ಲಿ 4, ಮೇಯಲ್ಲಿ 45. ಚಳಿಗೆ ಹೀಟರ್, ಸೆಕೆಗೆ ಚಿಲ್ಲರ್. ಮೇ-ಜೂನಿನ ಒಣ ಗಾಳಿಯಲ್ಲಿ ನೀರಿನ ಮೇಲೆ ಒಂದು ಸಣ್ಣ ಫ್ಯಾನ್ ತಿರುಗಿಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಇಲ್ಲಿಯ ಮನೆಮನೆಯ ಕಿಟಕಿಯಲ್ಲಿ ಗೊರಗೊರ ಎನ್ನುವ ಕೂಲರ್ ಮಾಡುವುದೂ ಅದನ್ನೇ. ಜುಲೈನಲ್ಲಿ ಮಳೆಯ ತೇವ ಬಂದೊಡನೆ ಕೂಲರಿನ ಹಾಗೆ ಆ ಫ್ಯಾನೂ ಕೈಕೊಡುತ್ತದೆ. ಆಗ ಚಿಲ್ಲರ್ ಒಂದೇ ಗತಿ.

ನವೆಂಬರಿನದು ವಿಚಿತ್ರ ಕಥೆ. ಹೊಗೆಮಂಜು ಕವಿದು ಮಾಸ್ಕ್ ಹಾಕಿಕೊಳ್ಳುವ ಕಾಲದಲ್ಲಿ ನಾವೆಲ್ಲ ಕಿಟಕಿ ಬಾಗಿಲು ಭದ್ರ ಮಾಡುತ್ತೇವಲ್ಲ, ಮೊದಲ ವರ್ಷ ಆಗಲೇ ನಮ್ಮ ತೊಟ್ಟಿಯ ಪಿಎಚ್ 8.2ರಿಂದ 7.8ಕ್ಕೆ ಇಳಿಯಿತು. ನೀರು ಬದಲಿಸಿದೆ, ಸೋಡಾ ಹಾಕಿದೆ, ಏರಲಿಲ್ಲ. ಕಾರಣ ನೀರಿನಲ್ಲಿರಲಿಲ್ಲ. ಮುಚ್ಚಿದ ಮನೆಯಲ್ಲಿ ನಾವು ಮೂವರು ಬಿಟ್ಟ ಉಸಿರು, ಗ್ಯಾಸ್ ಒಲೆಯ ಹೊಗೆ ಸೇರಿ ಇಂಗಾಲದ ಡೈಆಕ್ಸೈಡ್ ಏರಿತ್ತು. ಅದು ನೀರಿಗೆ ಕರಗಿ ನೀರನ್ನು ಆಮ್ಲದ ಕಡೆಗೆ ಎಳೆದಿತ್ತು. ಕಿಟಕಿ ತೆರೆದರೆ ನಮ್ಮ ಶ್ವಾಸಕೋಶಕ್ಕೆ ಕೇಡು, ಮುಚ್ಚಿದರೆ ತೊಟ್ಟಿಗೆ. ಕೊನೆಗೆ ಸ್ಕಿಮ್ಮರ್ ಎಳೆದುಕೊಳ್ಳುವ ಗಾಳಿಯನ್ನು ಸೋಡಾ ಲೈಮ್ ತುಂಬಿದ ಡಬ್ಬಿಯ ಮೂಲಕ ಹಾಯಿಸಿದೆ. ಅದು ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ, ಪಿಎಚ್ ಮೇಲೆ ಬಂತು. ವಾತಾವರಣದಲ್ಲಿ ಏರಿದ ಇದೇ ಅನಿಲ ಸಮುದ್ರವನ್ನೂ ಹೀಗೇ ಆಮ್ಲದತ್ತ ಎಳೆಯುತ್ತಿದೆ ಎಂದು ಓದಿದ್ದೆ. ನಮ್ಮ ಡ್ರಾಯಿಂಗ್ ರೂಮಿನಲ್ಲಿ ಅದನ್ನು ಮೀಟರಿನಲ್ಲಿ ನೋಡಿದೆ.

ಈಗ ನಿಮ್ಮ ಮಗಳ ನೀಮೋ. ಸಿನಿಮಾ ಬಂದದ್ದು 2003ರಲ್ಲಿ. ಅದರಲ್ಲಿರುವ ಜಾತಿಗೆ ಹತ್ತಿರದ್ದು, ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಒಸೆಲ್ಲಾರಿಸ್ ಕ್ಲೌನ್. ನಮ್ಮ ಅಂಡಮಾನಿನಲ್ಲಿ ಅದು ಸಹಜವಾಗಿಯೇ ಇದೆ. ಹಿಂದೆ ಕಡಲಿನಿಂದಲೇ ಬಲೆ ಹಾಕಿ ತರುತ್ತಿದ್ದರು. ಈಗ ಅದರ ಅಗತ್ಯವಿಲ್ಲ. ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಇರುವ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್‌ಆರ್‌ಐ, ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮೊಟ್ಟೆ ಇಡಿಸಿ ಮರಿ ಬೆಳೆಸುವ ವಿಧಾನವನ್ನು ರೂಢಿಗೆ ತಂದಿದೆ. ಹ್ಯಾಚರಿ ಮರಿಗಳು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ, ಥರ್ಮೊಕೋಲ್ ಪೆಟ್ಟಿಗೆಯಲ್ಲಿ ವಿಮಾನ ಹತ್ತಿ ದೆಹಲಿಗೆ ಬರುತ್ತವೆ. ಕೊಳ್ಳುವಾಗ ಹ್ಯಾಚರಿಯದೇ ಎಂದು ಕೇಳಿ ಕೊಳ್ಳಿ. ಕಡಲಿನ ಮೀನಿಗೆ ರೋಗ ಹೆಚ್ಚು, ತೊಟ್ಟಿಯ ಊಟ ಮುಟ್ಟದೆ ಸಾಯುವುದೂ ಹೆಚ್ಚು.

ಇವುಗಳ ಸಂಸಾರ ನಮ್ಮದಕ್ಕಿಂತ ಬೇರೆ. ಹುಟ್ಟುವಾಗ ಎಲ್ಲವೂ ಗಂಡಿನ ದಾರಿಯವೇ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ, ಅದರ ನಂತರದ್ದು ಅದಕ್ಕೆ ಗಂಡ. ಹೆಣ್ಣು ಸತ್ತರೆ ಗಂಡನೇ ಹೆಣ್ಣಾಗುತ್ತಾನೆ, ಕೆಳಗಿನವನಿಗೆ ಬಡ್ತಿ. ಸಿನಿಮಾದಲ್ಲಿ ನೀಮೋನ ಅಮ್ಮ ಸತ್ತ ಮೇಲೆ ಅಪ್ಪ ಕಡಲೆಲ್ಲ ಹುಡುಕಿಕೊಂಡು ಹೋಗುತ್ತಾನೆ. ನಿಜದಲ್ಲಾದರೆ ಅಷ್ಟು ಹೊತ್ತಿಗೆ ಆ ಅಪ್ಪ ಅಮ್ಮನಾಗುವ ಹಾದಿಯಲ್ಲಿರುತ್ತಿದ್ದ. ಮೊಟ್ಟೆಗಳಿಗೆ ಗಾಳಿ ಬೀಸುವುದು, ಕೆಟ್ಟವನ್ನು ಹೆಕ್ಕುವುದು ಎಲ್ಲ ಗಂಡಿನ ಕೆಲಸ. ನಮ್ಮ ಹೆಣ್ಣುಮೀನು ತೊಟ್ಟಿ ಒರೆಸಲು ಕೈಹಾಕಿದರೆ ಕಚ್ಚುತ್ತಾಳೆ. ಮೂರು ಇಂಚಿನ ಮೀನು, ಆದರೆ ಮನೆ ಅವಳದು.

ಇವು ಸಾಕಿದ ಮನೆಯಲ್ಲಿ ಹತ್ತು ಹದಿನೈದು ವರ್ಷ ಬದುಕುತ್ತವೆ, ಇಪ್ಪತ್ತು ದಾಟಿದವೂ ಇವೆ. ನಿಮ್ಮ ಮಗಳಿಗೆ ಈಗ ಎಂಟು. ಅವಳು ಹಾಸ್ಟೆಲಿಗೆ ಹೋದ ಮೇಲೂ ನೀಮೋ ನಿಮ್ಮ ಜೊತೆಗೇ ಇರುತ್ತದೆ. ಹಟದ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಿ.

ಇಷ್ಟೆಲ್ಲ ತಿಳಿದವನಂತೆ ಮಾತಾಡಿದೆ. ಈಗ ತಿಳಿಯದೆ ಪಟ್ಟ ಪಾಡು ಹೇಳುತ್ತೇನೆ.

2024ರ ಮೇ 29. ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ 46.8 ಡಿಗ್ರಿ ದಾಖಲಾದ ದಿನ. ಸಂಜೆ ನಾಲ್ಕಕ್ಕೆ ಕರೆಂಟು ಹೋಯಿತು. ಚಿಲ್ಲರನ್ನು ಇನ್ವರ್ಟರ್ ಎಳೆಯುವುದಿಲ್ಲ; ಒಂದು ಸಣ್ಣ ಪಂಪು ಮಾತ್ರ ಓಡುತ್ತಿತ್ತು. ಕೆಳಗೆ ಹೋಗಿ ಕೇಳಿದರೆ "ಭೈಯಾ, ಟ್ರಾನ್ಸ್‌ಫಾರ್ಮರ್ ಉಡ್ ಗಯಾ" ಎಂದರು. ಒಂಬತ್ತಕ್ಕೆ ನೀರು 29 ಡಿಗ್ರಿ. ಮನೆಯ ಫ್ರಿಜ್ಜಿನಲ್ಲಿದ್ದ ಐಸ್ ಅಷ್ಟರಲ್ಲಿ ಕರಗಿತ್ತು. ಚೌಕದಲ್ಲಿ ಬಂಟಾ ಸೋಡಾ ಮಾರುವವನ ಗಾಡಿಯಲ್ಲಿ ಐಸ್ ಗಡ್ಡೆ ಉಳಿದಿತ್ತು. ಐದು ಕಿಲೋ ಕೊಟ್ಟ. ಪುಡಿ ಮಾಡಿ ಬಾಟಲಿಗಳಿಗೆ ತುಂಬಿ, ಮುಚ್ಚಳ ಬಿಗಿದು ತೇಲಿಬಿಟ್ಟೆವು. ನೇರ ಹಾಕಬಾರದು, ಆ ನೀರಿನ ಕೊಳೆ ಒಂದು ಕಡೆ, ಉಪ್ಪಿನಂಶ ಇಳಿಯುವುದು ಇನ್ನೊಂದು ಕಡೆ. ಐದು ಕಿಲೋ ಐಸ್ ಪೂರ್ತಿ ಕರಗಿದರೆ 200 ಲೀಟರನ್ನು ಎರಡೂವರೆ ಡಿಗ್ರಿ ಇಳಿಸಬಲ್ಲದು. ಆದರೆ ಕೋಣೆಯೇ 37 ಡಿಗ್ರಿ ಇದ್ದರೆ ಒಂದು ಕಡೆಯಿಂದ ಇಳಿಸಿದ್ದು ಇನ್ನೊಂದು ಕಡೆಯಿಂದ ಏರುತ್ತಿತ್ತು.

ಹತ್ತು ಗಂಟೆಗೆ ಇನ್ವರ್ಟರ್ ಕೂಗಿ ಸುಮ್ಮನಾಯಿತು. ಆಗ ನಿಜವಾದ ಅಪಾಯ ಶುರು. ಸೆಕೆಗಿಂತ ಮೊದಲು ಕೊಲ್ಲುವುದು ಉಸಿರು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಉಪ್ಪುನೀರಿನಲ್ಲಂತೂ ಇನ್ನೂ ಕಡಿಮೆ. ಪಂಪು ನಿಂತರೆ ಗಾಳಿ ಸೇರುವ ದಾರಿಯೇ ಇಲ್ಲ. ಮೀನುಗಳು ಮೇಲೆ ಬಂದು ಬಾಯಿ ತೆರೆಯತೊಡಗಿದವು. ಹೆಂಡತಿ ಅಡುಗೆಮನೆಯಿಂದ ಸ್ಟೀಲ್ ಚೊಂಬು ತಂದಳು. ಕಾಫಿ ಆರಿಸುವ ಹಾಗೆ, ನೀರು ಮೊಗೆದು ಎತ್ತರದಿಂದ ಹುಯ್ಯುವುದು, ಮತ್ತೆ ಮೊಗೆಯುವುದು. ಅರ್ಧರ್ಧ ಗಂಟೆಯ ಪಾಳಿ. ಮಗಳು ಹನ್ನೆರಡರವರೆಗೆ ಜೊತೆ ಕೊಟ್ಟಳು, ಆಮೇಲೆ ನಾವಿಬ್ಬರೇ. ಬೆಳಗಿನ ಜಾವ ನನ್ನ ಪಾಳಿಯಲ್ಲಿ ತೂಕಡಿಸಿ ಚೊಂಬು ಕೈಜಾರಿ ತೊಟ್ಟಿಯೊಳಗೆ ಬಿದ್ದು ಅಣಬೆ ಹವಳದ ಒಂದು ಅಂಚು ಹರಿಯಿತು.

ಹೀಗೆ ಮಾಡಿದವರಲ್ಲಿ ನಾವು ಮೊದಲಿಗರಲ್ಲ ಎಂದು ಆಮೇಲೆ ತಿಳಿಯಿತು. 1846ರಲ್ಲಿ ಆನಾ ಥಿನ್ ಎಂಬ ಹೆಣ್ಣುಮಗಳು ಇಂಗ್ಲೆಂಡಿನ ಟಾರ್ಕಿ ಕಡಲತೀರದಿಂದ ಜೀವಂತ ಹವಳಗಳನ್ನು ಲಂಡನ್ನಿಗೆ ತಂದು ಮನೆಯೊಳಗೆ ಸಾಕಿದಳು. ಪಂಪಿಲ್ಲ, ಕರೆಂಟಿಲ್ಲ. ಮನೆಗೆಲಸದವಳು ತೆರೆದ ಕಿಟಕಿಯ ಮುಂದೆ ನಿಂತು ದಿನಕ್ಕೆ ಅರ್ಧ ಮುಕ್ಕಾಲು ಗಂಟೆ ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುತ್ತಿದ್ದಳಂತೆ. ಮನೆಯೊಳಗಿನ ಕಡಲಿನ ಚರಿತ್ರೆ ಶುರುವಾಗುವುದೇ ಆ ಹೆಸರು ತಿಳಿಯದ ಕೆಲಸದವಳ ರಟ್ಟೆಯಿಂದ.

ಮರುದಿನ ಹನ್ನೊಂದಕ್ಕೆ ಕರೆಂಟು ಬಂತು. ಒಟ್ಟು ಹತ್ತೊಂಬತ್ತು ಗಂಟೆ. ನೀರು 31.5. ಮೀನುಗಳು ಉಳಿದವು. ಝೀನಿಯಾ ಎಂಬ ಮೆತ್ತನೆಯ ಹವಳ ಎರಡು ದಿನದಲ್ಲಿ ಕರಗಿ ಲೋಳೆಯಾಯಿತು. ಲೆದರ್ ಮುದುಡಿಕೊಂಡು ಮೂರು ವಾರ ಬಾಯಿ ಬಿಡಲಿಲ್ಲ. ಅನಿಮೋನ್ ಕಂದು ದಾರದಂಥದ್ದನ್ನು ಉಗುಳಿತು. ಅದು ಅದರ ಪಾಚಿ, ಬಾಡಿಗೆದಾರ ಮನೆ ಬಿಟ್ಟು ಹೊರಟಿದ್ದ. ಒಂದು ವಾರದಲ್ಲಿ ಅನಿಮೋನ್ ಗಂಜಿಯಂತೆ ಬೆಳ್ಳಗಾಯಿತು. ಬಿಳಿಯಾದದ್ದು ಸತ್ತದ್ದಲ್ಲ, ಹಸಿದದ್ದು. ಊಟ ಮಾಡಿಹಾಕುವವನೇ ಇಲ್ಲ. ಬೆಳಕು ಅರ್ಧಕ್ಕೆ ಇಳಿಸಿ, ವಾರಕ್ಕೆರಡು ಸಲ ನೀರು ಬದಲಿಸಿ, ಎರಡು ದಿನಕ್ಕೊಮ್ಮೆ ಉಗುರಿನಷ್ಟು ಸೀಗಡಿ ಮಾಂಸವನ್ನು ಇಕ್ಕಳದಲ್ಲಿ ಬಾಯಿಗೆ ಇಟ್ಟೆವು. ಗಂಡುಮೀನು ತನ್ನ ಪಾಲಿನ ತುಣುಕನ್ನೂ ಕಚ್ಚಿಕೊಂಡು ಹೋಗಿ ಅದರ ಬೆರಳುಗಳ ನಡುವೆ ಬಿಡುತ್ತಿತ್ತು. ದೀಪಾವಳಿಯ ಹೊತ್ತಿಗೆ ಬೆರಳ ತುದಿಯಲ್ಲಿ ತೆಳು ಕಂದು ಕಾಣಿಸಿತು.

ಅದೇ ಬೇಸಿಗೆಯಲ್ಲಿ ಲಕ್ಷದ್ವೀಪದಿಂದ ಸುದ್ದಿ ಬಂದಿತ್ತು. 2023ರ ಅಕ್ಟೋಬರ್ ಕೊನೆಯಿಂದ ಅಲ್ಲಿಯ ಕಡಲು ಮಾಮೂಲಿಗಿಂತ ಒಂದು ಡಿಗ್ರಿ ಬಿಸಿಯಾಗಿ ತಿಂಗಳುಗಟ್ಟಲೆ ಹಾಗೇ ಉಳಿದು, ಹವಳದ ದಿಬ್ಬಗಳು ವ್ಯಾಪಕವಾಗಿ ಬೆಳ್ಳಗಾಗಿವೆ ಎಂದು ಸಿಎಂಎಫ್‌ಆರ್‌ಐ ವಿಜ್ಞಾನಿಗಳು ಹೇಳಿದ್ದರು. ಜಗತ್ತಿನ ನಾಲ್ಕನೆಯ ಸಾಮೂಹಿಕ ಬಿಳಿಚುವಿಕೆ ನಡೆಯುತ್ತಿದೆ ಎಂದು ಆ ಏಪ್ರಿಲಿನಲ್ಲಿ ಘೋಷಣೆಯೂ ಆಗಿತ್ತು. ಪತ್ರಿಕೆಯಲ್ಲಿ ಓದಿ ಪುಟ ಮಗುಚಿದ್ದೆ. ಒಂದು ಡಿಗ್ರಿ ತಾನೇ! ನಮ್ಮಲ್ಲಿ ಒಂದು ರಾತ್ರಿಗೆ ಐದು ಡಿಗ್ರಿ ಏರಿ ಹತ್ತೊಂಬತ್ತು ಗಂಟೆಗೆ ಇಳಿಯಿತು, ಆಮೇಲೆ ಐದು ತಿಂಗಳು ತುತ್ತು ಕೊಟ್ಟು ಉಳಿಸಿಕೊಂಡೆವು. ಅಲ್ಲಿ ತುತ್ತು ಕೊಡುವವರು ಯಾರು? ಕರೆಂಟು ಬರುವುದು ಯಾವಾಗ?

ಇದನ್ನು ಊಟದ ಹೊತ್ತಿಗೆ ಹೇಳುತ್ತಿದ್ದೆ. ಮಗಳಿಗೆ ಆಗ ಹನ್ನೆರಡು. ತಟ್ಟೆಯಿಂದ ತಲೆ ಎತ್ತದೆ ಕೇಳಿದಳು: "ಅಪ್ಪಾ, ನಮ್ಮ ಚಿಲ್ಲರ್ ಓಡೋ ಕರೆಂಟ್ ಮಾಡೋದು ಕಲ್ಲಿದ್ದಲಿಂದ ಅಲ್ವಾ? ಅದರಿಂದಾನೇ ಅಲ್ವಾ ಸಮುದ್ರ ಬಿಸಿ ಆಗೋದು?" ಕಲ್ಲಿದ್ದಲು ಸುಡುವ ದಾದ್ರಿ ವಿದ್ಯುತ್ ಸ್ಥಾವರ ಇರುವುದು ನಮ್ಮದೇ ಜಿಲ್ಲೆಯಲ್ಲಿ. ಶಾಲೆಯವರು ಅದನ್ನು ಕಲಿಸಿದ್ದರು.

ಅಂದು ಉತ್ತರ ಕೊಡಲಾಗಲಿಲ್ಲ. ಆಮೇಲೆ ಕೂತು ಲೆಕ್ಕ ಹಾಕಿದೆ. ಚಿಲ್ಲರ್ 300 ವಾಟ್, ಬೇಸಿಗೆಯಲ್ಲಿ ದಿನಕ್ಕೆ ಎಂಟು ಗಂಟೆ. ಪಂಪುಗಳು ಇಡೀ ದಿನ. ದೀಪ ಒಂಬತ್ತು ಗಂಟೆ. ಎಲ್ಲ ಸೇರಿ ದಿನಕ್ಕೆ ನಾಲ್ಕು ಯೂನಿಟ್ ಮೀರುತ್ತದೆ. ಕಲ್ಲಿದ್ದಲಿನ ಒಂದು ಯೂನಿಟ್ಟಿಗೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್. ಹವಳ ಸಾಕುವುದು ಕಡಲಿಗೆ ಮಾಡುವ ಉಪಕಾರ ಎಂದು ನಮ್ಮ ಹವ್ಯಾಸಿಗಳಲ್ಲಿ ಕೆಲವರು ಹೇಳುತ್ತಾರೆ. ಆ ಲೆಕ್ಕ ಹಾಕಿದ ಮೇಲೆ ನಾನು ಹೇಳುವುದು ಬಿಟ್ಟಿದ್ದೇನೆ. ತೊಟ್ಟಿಯನ್ನು ಬಿಸಿಲು ಬೀಳುವ ಪಶ್ಚಿಮದ ಗೋಡೆಯಿಂದ ಒಳಗಿನ ಗೋಡೆಗೆ ಬದಲಾಯಿಸಿದೆವು. ಚಿಲ್ಲರನ್ನು 25ರ ಬದಲು 27ಕ್ಕೆ ನಿಲ್ಲಿಸಿದೆವು. ಜೂನ್ ಕೊನೆಯವರೆಗೆ ಫ್ಯಾನಿನಲ್ಲೇ ದೂಡುತ್ತೇವೆ. ಬಿಲ್ಲು ಇಳಿದಿದೆ, ಸೊನ್ನೆಯಾಗಿಲ್ಲ. ಅವಳ ಪ್ರಶ್ನೆಯೂ ಹಾಗೆಯೇ ಇದೆ.

ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಅವಳನ್ನು ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಕರೆದೊಯ್ದೆ. ದಡದಿಂದ ಇಪ್ಪತ್ತು ಕಿಲೋಮೀಟರ್ ಹತ್ತಿರ. ಕರ್ನಾಟಕದಲ್ಲಿ ಹವಳ ಇದೆ ಎಂದರೆ ಬೆಂಗಳೂರಿನ ನೆಂಟರೂ ನಂಬುವುದಿಲ್ಲ. ಈ ದ್ವೀಪದ ಬಂಡೆಗಳ ಬುಡದಲ್ಲಿದೆ. ಮುಖವಾಡ ಕಟ್ಟಿಕೊಂಡು ಇಬ್ಬರೂ ನೀರಿಗಿಳಿದೆವು. ಬಂಡೆಯ ಮೇಲೆ ಸಗಣಿ ಬಣ್ಣದ, ದುಂಡಗಿನ ಗಟ್ಟಿ ಹವಳ, ಅದರ ಸುತ್ತ ಚಿಟ್ಟೆಮೀನು. ನಮ್ಮ ತೊಟ್ಟಿಯಷ್ಟು ಚೆಂದ ಕಾಣಲಿಲ್ಲ, ನೀಲಿ ದೀಪ ಇಲ್ಲವಲ್ಲ. ಮೇಲೆ ಬಂದು ಅವಳು ಹೇಳಿದ್ದು ಒಂದೇ: "ಇಲ್ಲಿ ಯಾರೂ ನೀರು ಬದಲಾಯಿಸ್ತಾ ಇಲ್ಲ."

ಗುರುಗ್ರಾಮದ ಓದುಗರೇ, ನಿಮಗೆ ನೇರ ಉತ್ತರ. ಆತುರ ಬೇಡ. ಮೊದಲ ಎರಡು ತಿಂಗಳು ಮೀನೇ ಇಲ್ಲದ ನೀರು, ಕಲ್ಲು, ಮರಳು. ಕನಿಷ್ಠ 100 ಲೀಟರ್. ಸಣ್ಣ ತೊಟ್ಟಿಯಲ್ಲಿ ನೀರು ಬೇಗ ಕೆಡುತ್ತದೆ, ಬೇಗ ಬಿಸಿಯಾಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಹ್ಯಾಚರಿಯ ಎರಡು ಮರಿ. ಮೆತ್ತನೆಯ ಹವಳ ಮೂರು ನಾಲ್ಕು ತಿಂಗಳ ನಂತರ. ಅನಿಮೋನ್ ಒಂದು ವರ್ಷದವರೆಗೂ ಬೇಡ. ಹ್ಯಾಚರಿ ಮೀನು ಅದಿಲ್ಲದೆಯೂ ಸುಖವಾಗಿರುತ್ತದೆ. ಗಟ್ಟಿ ಹವಳ ಯಾರು ಎಷ್ಟೇ ಒಳ್ಳೆಯ ಮಾತಿನಲ್ಲಿ ಕೊಟ್ಟರೂ ಬೇಡ.

ಮೂರು ಎಚ್ಚರಿಕೆ. ಪ್ರತಿ ವೈರೂ ಸಾಕೆಟ್ಟಿಗೆ ಏರುವ ಮೊದಲು ಕೆಳಗೊಂದು ಬಾಗು ಇಳಿದಿರಲಿ, ಇಲ್ಲದಿದ್ದರೆ ಉಪ್ಪುನೀರು ವೈರಿನ ಗುಂಟ ನೇರ ಸಾಕೆಟ್ಟಿಗೆ ಹೋಗುತ್ತದೆ, ಆರ್‌ಸಿಸಿಬಿ ಹಾಕಿಸಿಕೊಳ್ಳಿ. ಬ್ಯಾಟರಿಯ ಏರ್ ಪಂಪ್ ಒಂದು ಮೊದಲ ದಿನವೇ ಕೊಳ್ಳಿ; ನಮ್ಮ ಹಾಗೆ ಚೊಂಬು ಹಿಡಿಯುವ ಹಾಗಾಗದಿರಲಿ. ಇನ್ನು ಝೊಯಾಂಥಿಡ್ ಅಂಟಿದ ಕಲ್ಲನ್ನು ಶುಚಿಗೆಂದು ಯಾವ ಕಾರಣಕ್ಕೂ ಬಿಸಿನೀರಿನಲ್ಲಿ ಹಾಕಬೇಡಿ, ಕುದಿಸಬೇಡಿ. ಅವುಗಳ ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಎಂಬ ತೀವ್ರ ವಿಷ ಇದೆ. ಆವಿಯಲ್ಲಿ ಅದನ್ನು ಉಸಿರಾಡಿ ಇಡೀ ಕುಟುಂಬಗಳು ಆಸ್ಪತ್ರೆ ಸೇರಿದ್ದಿದೆ. ಮುಟ್ಟುವಾಗ ಕೈಗವಸು ಇರಲಿ. ಮನೆಗೆಲಸಕ್ಕೆ ಬರುವವರಿಗೂ ಇದನ್ನು ಬಿಡಿಸಿ ಹೇಳಿ.

ಕೊಳ್ಳುವ ಮೊದಲು ಒಂದು ಭಾನುವಾರ ಮಗಳನ್ನು ಕರೆದುಕೊಂಡು ನಮ್ಮಲ್ಲಿಗೆ ಬನ್ನಿ. ಭಾನುವಾರ ಬೆಳಿಗ್ಗೆ ನೀರು ಬದಲಿಸುವ ದಿನ. ಇಪ್ಪತ್ತು ಲೀಟರ್ ಉಪ್ಪುನೀರು ಕಲಕಿ, ಬಕೆಟ್ ಎತ್ತಿ, ಗಾಜಿನ ಪಾಚಿ ಕೆರೆದು, ಹೆಣ್ಣುಮೀನಿನ ಕೈಲಿ ಒಂದೆರಡು ಸಲ ಕಚ್ಚಿಸಿಕೊಂಡ ಮೇಲೂ ಅವಳ ಹಟ ಉಳಿದರೆ, ನಮ್ಮ ತೊಟ್ಟಿಯ ಒಂದು ಕಲ್ಲು ಹೆಪ್ಪಿಗೆ ಕೊಡುತ್ತೇನೆ. ಅಮ್ಮನೂ ಈಗ ಇಲ್ಲೇ ಇದ್ದಾಳೆ. ಮೀನಿಗೆ ಊಟ ಹಾಕುವ ಕೆಲಸ ತಾನೇ ವಹಿಸಿಕೊಂಡಿದ್ದಾಳೆ, ಯಾಕೆ ಎಂದು ಈಗ ಕೇಳುವುದಿಲ್ಲ. ಮಧ್ಯಾಹ್ನದ ಊಟಕ್ಕೆ ಬಂಗುಡೆ ಸಾರು ಇರುತ್ತದೆ.